ತೊಕಿ ಅಜ್ಜಿಯ ಒಕ್ಕಣ್ಣ ದಾರುಮ

ತೊಕಿ ಅಜ್ಜಿ ನಡೆಯುತ್ತಿರಲಿಲ್ಲ, ತುಳಿಯುತ್ತಿದ್ದಳು. ಕುಳ್ಳ ದೇಹ, ಅಗಲವಾದ ಪಾದ, ಪಾದಕ್ಕೆ ಹುಲ್ಲು ಹೆಣೆದ ಬೂಟು. ಒಂದು ಹೆಜ್ಜೆ ಊರಿತೆಂದು ಮನಸ್ಸಿಗೆ ಖಾತ್ರಿಯಾಗುವವರೆಗೆ ಇನ್ನೊಂದನ್ನು ಎತ್ತುವವಳಲ್ಲ. ಸೂರಿನ ಮಟ್ಟಕ್ಕೆ ಹಿಮ ಬೀಳುವ ನಮ್ಮ ಕುರೊತಾನಿಯಲ್ಲಿ, ಮಾಳಿಗೆಯ ಕಿಟಕಿಯಿಂದ ಹೊರಬಿದ್ದು ದಾರಿ ಮಾಡಿಕೊಳ್ಳಬೇಕಾದ ಜನಕ್ಕೆ, ಚಳಿಗಾಲದಲ್ಲಿ ಇಂಥ ನಡಿಗೆ ಸಹಜವೇ. ಈಕೆಯಾದರೋ ಬೇಸಿಗೆಯ ಒಣನೆಲದ ಮೇಲೂ, ಗದ್ದೆಯ ಬದುವಿನ ಮೇಲೂ, ದೇವಸ್ಥಾನದ ಕಲ್ಲುಮೆಟ್ಟಿಲ ಮೇಲೂ ಹಾಗೆಯೇ ಭೂಮಿಯನ್ನು ಗಟ್ಟಿಮಾಡುತ್ತ ಬರುತ್ತಿದ್ದಳು. ಅಜ್ಜಿ ಬಂದಳೆಂಬುದು ಒಳಗೆ ಕೂತವರಿಗೆ ಚಾಪೆಯ ಕೆಳಗಿನ ಹಲಗೆಯಿಂದಲೇ ತಿಳಿಯುತ್ತಿತ್ತು.

ಇನ್ನು ಆಕೆಯ ಅಂಗೈ. ಎದುರಿಗೆ ಸಿಕ್ಕಿದ್ದನ್ನೆಲ್ಲ ಅಂಗೈಯಿಂದ ಬಡಿದು "ಗಟ್ಟಿ ಇದೆಯಾ?" ಎಂದು ಕೇಳುವುದು ಆಕೆಯ ಚಾಳಿ. ಮೂಲಂಗಿಯನ್ನು ಬಡಿಯುವಳು, ಉಪ್ಪಿನಕಾಯಿಯ ಪೀಪಾಯಿಯನ್ನು ಬಡಿಯುವಳು, ಬಾಣಂತಿಯ ಮಗ್ಗುಲಲ್ಲಿ ಮಲಗಿದ ಕೂಸಿನ ಬೆನ್ನನ್ನು ಮೆಲ್ಲಗೆ ತಟ್ಟುವಳು. ಒಮ್ಮೆ ಮದುವೆಯ ಮನೆಯಲ್ಲಿ ನೆರೆಯೂರಿನ ವರನ ಭುಜಕ್ಕೆ ಹಾಗೆ ಬಡಿದಾಗ ಆ ಬಡಪಾಯಿ ಮುಗ್ಗರಿಸಿ, ಅವನ ಕೈಯ ಬಟ್ಟಲಿನ ಸಾಕೆ ಹೆಂಡವೆಲ್ಲ ಮಾವನ ಮಡಿಲಿಗೆ ಚೆಲ್ಲಿತು. "ಸ್ವಲ್ಪ ಹಸಿ ಇದಾನೆ. ಇರ್ಲಿ ಬಿಡಿ, ಒಣಗ್ತಾನೆ" ಎಂದು ಅಜ್ಜಿ ತನ್ನ ಪಾಡಿಗೆ ಊಟಕ್ಕೆ ಕೂತಳು.

ಆಕೆಯ ಗಂಡ ಗೊಂಜೊ ಮಾತ್ರ ಯಾವ ಕಾಲಕ್ಕೂ ಒಣಗಲಿಲ್ಲ. ಕೆಲಸಕ್ಕೆ ಕರೆದರೆ ಸೊಂಟನೋವು, ಕುಡಿಯಲು ಕರೆದರೆ ಕುದುರೆ. ಹಿಮ ಬೀಳುವ ಮುನ್ನ ಊರಿನ ಗಂಡಸರೆಲ್ಲ ಟೋಕಿಯೊ ಕಡೆಗೆ, ಸುರಂಗ ತೋಡುವುದಕ್ಕೋ ಕಟ್ಟಡ ಎಬ್ಬಿಸುವುದಕ್ಕೋ ಹೊರಟುಹೋಗುತ್ತಿದ್ದ ಕಾಲ ಅದು. ಹಿಮ ಕರಗಿ, ಸಸಿಮಡಿ ಮಾಡುವ ಹೊತ್ತಿಗೆ ತಿರುಗಿ ಬರುವರು. ಆ ತಿಂಗಳುಗಳಲ್ಲಿ ಊರು ಹೆಂಗಸರದು, ಮುದುಕರದು ಮತ್ತು ಗೊಂಜೊನದು. ಮಕ್ಕಳಿಲ್ಲ, ಗಂಡ ಮನೆ ಬಿಟ್ಟು ಕದಲುವವನಲ್ಲ. ಹೀಗಾಗಿ ಕುರೊತಾನಿಯಲ್ಲಿ ಯಾರ ದಾರಿಯನ್ನೂ ಕಾಯಬೇಕಿಲ್ಲದ ಹೆಂಗಸೆಂದರೆ ತೊಕಿ ಅಜ್ಜಿ ಒಬ್ಬಳೇ. ಆದರೂ ವರ್ಷವರ್ಷವೂ ದಾರುಮನನ್ನು ಕಟ್ಟುತ್ತಿದ್ದವಳು ಆಕೆಯೇ.

ಹರಕೆ ಹೊರುವಾಗ, ಬೋಧಿಧರ್ಮ ಗುರುವಿನ ರೂಪದ ಕೆಂಪು ದಾರುಮ ಗೊಂಬೆಗೆ ಒಂದು ಕಣ್ಣು ಬರೆಯುವುದು, ಹರಕೆ ಫಲಿಸಿದ ದಿನ ಇನ್ನೊಂದು ಕಣ್ಣು ಬರೆದು ಅವನನ್ನು ಬೀಳ್ಕೊಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅಜ್ಜಿ ಅದನ್ನು ಊರಿಗೇ ಒಂದಾಗುವಂತೆ, ಸೇತುವೆಯ ಪಕ್ಕ ಬಸ್ಸು ನಿಲ್ಲುವಲ್ಲಿ, ಹಿಮದಲ್ಲಿ ಎಬ್ಬಿಸುತ್ತಿದ್ದಳು. ಮಕ್ಕಳ ಹಾಗೆ ಉಂಡೆ ಉರುಳಿಸುವುದೆಂದರೆ ಆಕೆಗೆ ಆಗದು. "ಉರುಳಿಸಿದ್ದು ಆಟಕ್ಕೆ, ತುಳಿದದ್ದು ಕಾಯೋದಕ್ಕೆ" ಎನ್ನುವಳು. ಒಂದು ಪದರ ಹಿಮ ಸುರಿದು ತುಳಿಯುವುದು, ಸಂಜೆ ಹೊಳೆಯ ನೀರು ಚಿಮುಕಿಸುವುದು, ರಾತ್ರಿಯ ಚಳಿಗೆ ಅದು ಬಿಗಿದ ಮೇಲೆ ಮರುದಿನ ಇನ್ನೊಂದು ಪದರ. ಮನೆಯೆತ್ತರದ ಗುಡ್ಡೆಯಾದಾಗ ಮರದ ಸಲಿಕೆ ಹಿಡಿದು ಮೇಲಿನಿಂದ ಕೆತ್ತಿಕೊಂಡು ಇಳಿಯುವಳು. ಬುರುಡೆ, ಗಲ್ಲ, ಹೆಗಲಿಲ್ಲದ ಮೈ, ಕಾಲಿಲ್ಲದ ದಪ್ಪ ಬುಡ. ಸೀಡರ್ ಮರದ ಸೊಪ್ಪಿನ ಹುಬ್ಬು, ಮೆಕ್ಕೆಜೋಳದ ಕೂದಲಿನ ಗಡ್ಡ, ಒಣಮೆಣಸಿನಕಾಯಿಯ ತುಟಿ. ದಾರುಮನೆಂದ ಮೇಲೆ ಕೆಂಪುಡುಗೆ ಬೇಕಲ್ಲ? ಅಜ್ಜಿ ಲಜ್ಜೆಯಿಲ್ಲದೆ ತನ್ನ ಕೆಂಪು ಒಳಲಂಗವನ್ನೇ ತಂದು ಅವನ ಮೈಗೆ ಸುತ್ತುವಳು. ಹೆಂಗಸರು ಬಾಯಿಗೆ ಅಂಗಿಯ ತೋಳು ಒತ್ತಿಕೊಂಡು ನಕ್ಕರೆ, "ಬಿಸಿಲುನಾಡಿಂದ ಬಂದ ಗುರು ಕಣ್ರೇ, ಚಳಿ ತಡಿಯಲ್ಲ. ನಿಮ್ಮದು ಇದ್ರೆ ನಿಮ್ಮದೂ ತಗೊಂಬನ್ನಿ" ಎನ್ನುವಳು. ಕೊನೆಗೆ ಎಡಗಣ್ಣಿನ ಜಾಗದಲ್ಲಿ ಇದ್ದಿಲಿನ ಒಂದು ದಪ್ಪ ತುಂಡು. ಬಲಗಣ್ಣು ಖಾಲಿ, ಊರಿನ ಕಟ್ಟಕಡೆಯ ಗಂಡಸು ಬಸ್ಸಿಳಿಯುವವರೆಗೆ.

ಒಕ್ಕಣ್ಣಿನಿಂದ ಕಣಿವೆಯ ದಾರಿಯನ್ನೇ ನೋಡುತ್ತ ನಿಂತ ಆ ಬೃಹದಾಕೃತಿಯನ್ನು ಮುಂಜಾವದ ನೀಲಿ ಬೆಳಕಿನಲ್ಲಿ ಕಂಡಾಗ, ಮೊನ್ನೆಯಷ್ಟೇ ಅದರ ಲಂಗ ನೋಡಿ ನಕ್ಕಿದ್ದ ನಾನು ಕೈಮುಗಿದಿದ್ದೇನೆ. ಮಳೆ ಬಂದರೂ ಗಾಳಿ ಬೀಸಿದರೂ ಅದು ಬಿದ್ದ ನೆನಪು ನನಗಿಲ್ಲ.

"ನಿನಗ್ಯಾಕಜ್ಜಿ ಈ ಉಸಾಬರಿ? ನಿಮ್ಮನೆಯಿಂದ ಯಾರು ಹೋಗಿದಾರೆ?" ಎಂದು ಒಮ್ಮೆ ಕೇಳಿದ್ದೆ.

"ಅದಕ್ಕೇ ಕಣೇ ನನಗೆ ಪುರುಸೊತ್ತು. ಈ ಪುಣ್ಯಾತ್ಮ ಎಲ್ಲಾದ್ರೂ ಹೋಗಿದ್ರೆ, ದಾರುಮನ ಇದ್ದೊಂದು ಕಣ್ಣನ್ನೂ ಕಿತ್ತಿಡ್ತಿದ್ದೆ" ಎಂದು ನಕ್ಕಳು. ಅಲ್ಲೇ ಬಿಸಿಲು ಕಾಯಿಸುತ್ತಿದ್ದ ಗೊಂಜೊ ಕೂಡ ನಕ್ಕ.

ಒಂದು ವರ್ಷ ಬಸ್ಸಿನ ದಾರಿ ತೆರೆದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಹಿಸಾಳ ಗಂಡ ಸೆಯ್‌ಕಿಚಿ ಒಬ್ಬ ಬರಲಿಲ್ಲ. ಹಿಸಾ ದಿನವೂ ಸೇತುವೆಗೆ ಬಂದು, ಬಸ್ಸು ಖಾಲಿಯಾದ ಮೇಲೂ ಅದರೊಳಗೆ ಇಣುಕಿ ನೋಡಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಜಿಟಿಜಿಟಿ ಹಿಮ ಬೀಳುತ್ತಿದ್ದಾಗ ಬಸ್ಸಿನಿಂದ ಇಳಿದವನ ಬೆನ್ನಮೇಲೆ, ಹಳೆಯ ರಜಾಯಿಯಿಂದ ಕತ್ತರಿಸಿ ಹಿಸಾಳೇ ಹೊಲಿದ ನೀಲಿ ತೇಪೆ ಕಂಡಿತು. "ಸೆಯ್‌ಕಿಚಿ ಬಂದ! ಕೋಟು ನೋಡ್ರೇ, ಸೆಯ್‌ಕಿಚಿ!" ಎಂದು ಗೊಂಜೊ ಕಿರುಚಿದ. ಜನ್ಮದಲ್ಲಿ ಮೊದಲ ಬಾರಿಗೆ ಆ ಉಂಡಾಡಿಗುಂಡ ಓಡಿದ. ಕುಡಿದ ಸಂತೋಷದಲ್ಲಿ ದಾರುಮನ ಮೈ ಹತ್ತಿ, ಅಲ್ಲೇ ಸಿಕ್ಕಿಸಿಟ್ಟಿದ್ದ ಎರಡನೆಯ ಇದ್ದಿಲನ್ನು ಬಲಗಣ್ಣಿಗೆ ಒತ್ತಿಬಿಟ್ಟ.

ಬಂದವನು ಮುಸುಕು ಸರಿಸಿದ. ಅವನು ಸೆಯ್‌ಕಿಚಿಯಲ್ಲ, ಪಕ್ಕದ ಕಣಿವೆಯ ಕೊಹೆಯ್.

"ಅತ್ತಿಗೆ," ಎಂದ ಅವನು ಹಿಸಾಳ ಮುಖ ನೋಡಲಾರದೆ, "ಸುರಂಗ ಕುಸೀತು. ಸೆಯ್‌ಕಿಚಿ ಆಸ್ಪತ್ರೆಲಿದಾನೆ. ನನ್ನ ಕೋಟು ಮಣ್ಣೊಳಗೇ ಹೋಯ್ತು, ಊರಲ್ಲಿ ಚಳಿ ಇರುತ್ತೆ ಹಾಕ್ಕೊಂಡು ಹೋಗು ಅಂತ ಅವನೇ ಕೊಟ್ಟ."

"ಬದುಕ್ತಾರಾ?"

"ನಾನು ಹೊರಟಾಗ ಮಾತಾಡ್ತಿದ್ದ. ಡಾಕ್ಟರು ಏನೂ ಹೇಳ್ತಿಲ್ಲ."

ಹಿಸಾ ಅವನ ಕಡೆ ನೋಡಲಿಲ್ಲ. ದಾರುಮನ ಎರಡು ಕಣ್ಣುಗಳನ್ನು ನೋಡುತ್ತಿದ್ದಳು. ನಾವೆಲ್ಲರೂ ಅದನ್ನೇ ನೋಡುತ್ತಿದ್ದೆವು. ಫಲಿಸದ ಹರಕೆಗೆ ಕಣ್ಣು ತೆರೆದಾಗಿತ್ತು, ತೆರೆದ ಕಣ್ಣನ್ನು ಮುಚ್ಚುವ ಶಾಸ್ತ್ರ ಎಲ್ಲೂ ಇಲ್ಲ. "ಅಜ್ಜಿ, ಮುಗಿದೇ ಹೋಯ್ತಲ್ಲ. ಇನ್ನು ಯಾರನ್ನ ಕೇಳ್ಕೊಳ್ಳಲಿ?" ಎಂದು ಹಿಸಾ ಕುಸಿದಳು. ಗೊಂಜೊನ ಅಮಲು ಇಳಿದು ಅವನ ಮುಖ ಬಿಳಿಚಿಕೊಂಡಿತ್ತು.

ತೊಕಿ ಅಜ್ಜಿ ಗಂಡನನ್ನು ಬೈಯಲಿಲ್ಲ. ದಾರುಮನ ಎದುರು ನಿಂತು ಸೊಂಟ ಬಗ್ಗಿಸಿ, "ಇಷ್ಟು ಜನರನ್ನ ಕರ್ಕೊಂಡು ಬಂದೆ, ನಿನ್ನ ಋಣ ದೊಡ್ಡದು. ಹೋಗಿ ಬಾ" ಎಂದು ನಮಸ್ಕರಿಸಿದಳು. ಆಮೇಲೆ ಸಲಿಕೆ ಎತ್ತಿ ಕೆಡವತೊಡಗಿದಳು. ತಾನೇ ತುಳಿದ ಮೈ, ಸುಲಭಕ್ಕೆ ಬೀಳಲಿಲ್ಲ. ಒಂದೊಂದು ಏಟಿಗೂ ಆಕೆಯ ತೋಳು ಹಿಂದಕ್ಕೆ ಚಿಮ್ಮುತ್ತಿತ್ತು.

"ನೀನು ನಾಳೆ ಬಸ್ಸಿಗೆ ಗಂಡನ ಹತ್ರ ಹೊರಡು" ಎಂದಳು ಹಿಸಾಗೆ. "ಸೆಯ್‌ಕಿಚಿಗೇ ಅಂತ ಬೇರೊಬ್ಬನನ್ನ ಕಟ್ತೀನಿ. ಇಲ್ಲಿ ಕಾಯೋ ಕೆಲಸ ನಂದು."

ಏಪ್ರಿಲ್ ಹಿಮ ಎಂಥದೆಂದು ನಮ್ಮವರಿಗೆ ಹೇಳಬೇಕಿಲ್ಲ. ಹಿಡಿದರೆ ನೀರು, ಬಿಟ್ಟರೆ ಉಪ್ಪಿನ ಹರಳು. ತುಳಿದರೆ ಕಾಲೇ ಒದ್ದೆಯಾಗುವುದು. ಇದರಲ್ಲಿ ದಾರುಮನನ್ನು ಕಟ್ಟುವುದೆ? ಮೊದಲ ಗುಡ್ಡೆ ಒಂದೇ ಬಿಸಿಲಿಗೆ ಕುಸಿಯಿತು. ಎರಡನೆಯದನ್ನು ಅಜ್ಜಿ ಬಿಸಿಲು ಕಾಣದ ಉತ್ತರದ ಕೊರಕಲಿನಿಂದ ಬುಟ್ಟಿಯಲ್ಲಿ ಹೊತ್ತು ತಂದ ಹಿಮದಿಂದ ಕಟ್ಟಿದಳು. ಆ ಏರಿನಲ್ಲಿ ಆಕೆಯ ಹಿಂದೆ ಬುಟ್ಟಿ ಹೊತ್ತು ಬಂದ ಮೊದಲನೆಯವನು ಗೊಂಜೊ. ಏದುಸಿರು ಬಿಡುತ್ತ ಬಂದ. ಅವನನ್ನು ನೋಡಿದ ಮೇಲೆ ನಮಗೆ ಮನೆಯಲ್ಲಿ ಕೂರಲಾಗಲಿಲ್ಲ. ನಾನೂ ಬುಟ್ಟಿ ಹೊತ್ತೆ, ತಮ್ಮತಮ್ಮ ಗಂಡಸರನ್ನು ಆಗಲೇ ಮನೆಗೆ ಸೇರಿಸಿಕೊಂಡಿದ್ದ ಹೆಂಗಸರೆಲ್ಲ ಹೊತ್ತರು. ಅಜ್ಜಿ ತುಳಿದಳು, ತುಳಿದೇ ತುಳಿದಳು. ಗದ್ದೆಗಳು ಕಪ್ಪಾದವು, ಹೊಳೆ ಉಕ್ಕಿತು, ಚೆರ್ರಿ ಅರಳಿತು. ಹುಲ್ಲಿನ ಚಾಪೆಗಳನ್ನು ಹೊದ್ದುಕೊಂಡು ಆ ಒಕ್ಕಣ್ಣ ಮಾತ್ರ ನಿಂತೇ ಇದ್ದ. ಹೂ ಬಿಟ್ಟ ಮರದ ಕೆಳಗೆ ಬಿಳಿಯ ದಾರುಮ! ನಾನು ಬಹಳ ವಸಂತಗಳನ್ನು ಕಂಡಿದ್ದೇನೆ, ಅಂಥದನ್ನು ಮತ್ತೆ ಕಂಡಿಲ್ಲ. ಬಸ್ಸಿನವರೂ ಅಲ್ಲಿ ಸುಮ್ಮನೆ ಒಂದು ಗಳಿಗೆ ನಿಲ್ಲಿಸಿ ಹೋಗುತ್ತಿದ್ದರು.

ನಾಟಿ ಶುರುವಾದ ಮೇಲೆ ಒಂದು ದಿನ, ಊರುಗೋಲಿನ ಮೇಲೆ ಭಾರ ಬಿಟ್ಟು, ಹೆಂಡತಿಯ ಹೆಗಲು ಹಿಡಿದು ಸೆಯ್‌ಕಿಚಿ ಇಳಿದ. ಕಾಲು ಉಳಿದಿತ್ತು, ಆದರೆ ಮಡಚುತ್ತಿರಲಿಲ್ಲ. ಚಾಪೆ ಬಿಚ್ಚಿದಾಗ ದಾರುಮ ಅವನ ಸೊಂಟದೆತ್ತರಕ್ಕೆ ಇಳಿದಿದ್ದ, ಮೂಗು ಬಾಯಿ ಯಾವುದೆಂದು ತಿಳಿಯುತ್ತಿರಲಿಲ್ಲ.

"ಇದೇನಜ್ಜಿ?"

"ನಿನಗೆ ಕಾದು ಕಾದು ಸೊರಗಿದ ಕಣೋ. ಬೇಗ ಒಂದು ಕಣ್ಣು ಕೊಡು, ಪಾಪ ಹೋಗ್ಲಿ."

ಹಿಸಾ ಗಂಡನ ಕೈಹಿಡಿದು ಇದ್ದಿಲು ಒತ್ತಿಸಿದಳು. ಇಬ್ಬರೂ ಅಳುತ್ತಿದ್ದರು, ಗೊಂಜೊ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಅಜ್ಜಿ ದಾರುಮನ ಮೈಯಿಂದ ಒದ್ದೆಯಾದ ತನ್ನ ಕೆಂಪು ಲಂಗವನ್ನು ಬಿಚ್ಚಿ ಹಿಂಡಿ, ಹೆಗಲಿಗೆ ಹಾಕಿಕೊಂಡು, ನಾಟಿಗೆ ಹೊತ್ತಾಯಿತೆಂದು ಗದ್ದೆಯ ಕಡೆ ಹೊರಟಳು.

ತನ್ನವರಿಗಾಗಿ ಕಾಯುವುದು ಎಲ್ಲರಿಗೂ ಬರುತ್ತದೆ, ಕಾಯದೆ ಗತ್ಯಂತರವೂ ಇಲ್ಲ. ತನ್ನ ಮನೆಯಿಂದ ಯಾರೂ ಹೋಗದಿದ್ದರೂ ಊರಿನ ಹೆಬ್ಬಾಗಿಲಲ್ಲಿ ನಿಲ್ಲುವವರ ಜಾತಿಯೇ ಬೇರೆ. ಅವರಿಗೆ ಬರಬೇಕಾದವರು ಯಾರೂ ಇರುವುದಿಲ್ಲ, ಆದ್ದರಿಂದ ಎಲ್ಲರೂ ಬಂದರೆಂದು ಅವರು ಎಂದಿಗೂ ಕದ ಹಾಕಿಕೊಳ್ಳುವುದಿಲ್ಲ. ದೂರದಿಂದ ಸೋತು ಬಂದವನು ತಾನು ಊರು ಮುಟ್ಟಿದೆನೆಂದು ತಿಳಿಯುವುದು ತನ್ನ ಮನೆಯ ಹೊಗೆಯನ್ನು ಕಂಡಾಗಲ್ಲ, ತನಗೆ ಏನೂ ಅಲ್ಲದ ಅಂಥವರೊಬ್ಬರು ದಾರಿಯಲ್ಲಿ ನಿಂತಿರುವುದನ್ನು ಕಂಡಾಗ.