ಒಂಟಿ ಕೈಯ ಗಾಳಿ

ಶಿವಪುತ್ರಪ್ಪ ಸತ್ತ ಹದಿನೈದನೆಯ ದಿನ, ಒಂದು ಶುಕ್ರವಾರ, ಕಲ್ಲುಗಣಿಯ ಮುಕಾದಮ ದಾನಪ್ಪ ಕುಲುಮೆಯ ಬಾಗಿಲಿಗೆ ಬಂದು ನಿಂತ. ಒಳಗೆ ಸತ್ತವನ ಹೆಂಡತಿ ಚಂದ್ರವ್ವ ಬೂದಿ ಕೆದರುತ್ತ ಕೂತಿದ್ದಳು. ಬೂದಿಯಲ್ಲಿ ಏನೂ ಇರಲಿಲ್ಲ.

“ಯಕ್ಕಾ, ಮಾಲೀಕ ಹೇಳಿ ಕಳಿಸ್ಯಾನ. ಸೋಮವಾರ ಸಂಜಿಗೆ ನಲವತ್ತು ಉಳಿ ಹರಿತ ಆಗಿ ಬರಬೇಕಂತ. ಇಲ್ಲಂದ್ರ ಗೋರೆಗಾಂವ್‌ ಕಲ್ಲಗಣಿ ಕಮ್ಮಾರ ಬರ್ತಾನ. ಈ ತಗಡಿನ ಮನೀನೂ ಅವಂಗ.”

“ಹೂಂ.”

“ಹೂಂ ಅಂದ್ರ ನಾ ಏನ ತಿಳ್ಕೋಬೇಕು?”

“ಹೂಂ ಅಂತ ತಿಳ್ಕೊ.”

ದಾನಪ್ಪ ಕೆಟ್ಟವನಲ್ಲ. ಮೊಂಡಾದ ಉಳಿಗಳ ಹೊರೆ ಇಳಿಸಿ ಹೋದ.

ಅದು ೧೯೫೪ನೇ ಇಸವಿ. ಮುಂಬಯಿಯ ಅಂಧೇರಿಯಲ್ಲಿದ್ದ ಆ ಗಣಿಯ ಕರಿಕಲ್ಲು ಎಂಥ ಉಳಿಯನ್ನೂ ಅರ್ಧ ದಿನದಲ್ಲಿ ಮೊಂಡು ಮಾಡುತ್ತಿತ್ತು. ಅದಕ್ಕೇ ಗಣಿಯ ಅಂಚಿನಲ್ಲಿ ಒಂದು ಕುಲುಮೆ, ಅದರ ಬೆನ್ನಿಗೆ ಒಂದು ಕೋಣೆ. ಕೆಲಸ ಇರುವವರೆಗೆ ಕೋಣೆ. ಬಿಟ್ಟು ಬಂದ ವಿಜಾಪುರದ ಕಡೆ ಅವಳಿಗೆ ತಿರುಗಿ ಹೋಗಲು ಯಾವ ಬಾಗಿಲೂ ಉಳಿದಿರಲಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮೈಗೆ ತಾಗಿರಲಿಲ್ಲ, ಮರಗಟ್ಟಿದ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ.

ಶನಿವಾರ ಬೆಳಗಿನ ಲೋಕಲ್‌ ಹಿಡಿದು ಮೈದುನ ಶೆಟ್ಟೆಪ್ಪ ಬಂದ. ಪರೇಲಿನ ಗಿರಣಿಯೊಂದರ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ.

“ಚಿಂತಿ ಬಿಡು ವೈನಿ. ನಲವತ್ತು ಉಳಿ ಏನ ದೊಡ್ಡದು? ನಾ ಬಡೀತೀನಿ, ನೀ ತಿದಿ ಒತ್ತು. ಆದ್ರ ಈ ಕಾಲದಾಗ ತಿದಿ ಯಾರ ಇಟ್ಟಾರ ಹೇಳು? ಚೋರ್‌ ಬಜಾರಕ್ಕ ಹೋದ್ರ ಗಾಳಿ ಊದೋ ಕಬ್ಬಿಣದ ಪಂಖಾ ಸಿಗತೈತಿ.”

ಅವಳು ತಿದಿಯ ಹಿಂದೆ ಹೋಗಿ ಕೂತಳು.

ಆ ತಿದಿ ಅವಳೇ ಮಾಡಿದ್ದು. ಕಮ್ಮಾರರ ಮನೆಯಲ್ಲಿ ಇಕ್ಕಳ ಗಂಡಸಿನದು, ತಿದಿ ಹೆಂಗಸಿನದು. ಆಡಿನ ಹೊಟ್ಟೆ ಸೀಳದೆ, ಅಂಗಿ ಕಳಚಿದಂತೆ ಸುಲಿದ ಇಡೀ ತೊಗಲು ಬೇಕು. ಧಾರಾವಿಯಲ್ಲಿ ಅಂಥದನ್ನು ಕೇಳಿದರೆ ನಗುತ್ತಿದ್ದರು, ನಕ್ಕರೂ ಕೊಡುತ್ತಿದ್ದರು. ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಹದ ಮಾಡಿ, ಔಡಲೆಣ್ಣೆ ಕುಡಿಸಿ, ಕುತ್ತಿಗೆಗೆ ಕೊಳವೆ ಕಟ್ಟಿ, ಹಿಂದಿನ ಬಾಯಿಗೆ ಎರಡು ಬಿದಿರು ಪಟ್ಟಿ ಹೊಲಿಯಬೇಕು. ಪಟ್ಟಿ ಬಿಡಿಸಿ ಎತ್ತಿದರೆ ಗಾಳಿ ತುಂಬುತ್ತದೆ, ಕೂಡಿಸಿ ಒತ್ತಿದರೆ ಬೆಂಕಿಗೆ ಹೋಗುತ್ತದೆ. ಇಂಥವು ಎರಡು, ಕೈಗೊಂದು. ಒಂದು ತುಂಬುವಾಗ ಇನ್ನೊಂದು ಬಿಡಬೇಕು. ನಡುವಿನ ಬಿಡುವು ಬೆಂಕಿಗೆ ತಿಳಿಯಬಾರದು. ಅವಳ ಅಜ್ಜಿಯ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಹಾಡು ಕೇಳುತ್ತಿರಲಿಲ್ಲ, ತಿದಿ ಒತ್ತಿಸಿ ನೋಡುತ್ತಿದ್ದರು. ಮುಂಬಯಿಯ ಮಳೆಗಾಲ ತೊಗಲನ್ನು ಬೇಗ ಕೊಳೆಸುತ್ತದೆ. ಇದು ಇಲ್ಲಿಗೆ ಬಂದ ಮೇಲೆ ಮೂರನೆಯ ಜೋಡಿ.

ಶೆಟ್ಟೆಪ್ಪ ಐದು ಉಳಿಗಳನ್ನು ಬೆಂಕಿಗಿಟ್ಟ. ಕೆಂಪಾದ ಒಂದನ್ನು ತೆಗೆದು ಅಡಿಗಲ್ಲಿನ ಮೇಲಿಟ್ಟು ಬಡಿದ, ಮಗ್ಗಲು ತಿರುಗಿಸುವಾಗ ಸುತ್ತಿಗೆಯಿಂದ ಅದರ ಅಂಚಿಗೆ ಸುಮ್ಮನೆ ಟಣ್‌ ಟಣ್‌ ಎನಿಸಿದ.

ಚಂದ್ರವ್ವನ ಕೈ ನಿಂತಿತು.

“ಯಾಕ ನಿಲ್ಲಿಸಿದಿ?”

ಅವಳು ಮತ್ತೆ ಒತ್ತಿದಳು. ಅವನು ಮತ್ತೆ ಬಡಿದ, ತಿರುಗಿಸಿದ, ಟಣ್‌ ಟಣ್‌. ಕೈ ಮತ್ತೆ ನಿಂತಿತು. ಬೆಂಕಿಯಲ್ಲಿದ್ದ ನಾಲ್ಕೂ ಕಾವು ಇಳಿದು ಕಪ್ಪಿಟ್ಟವು.

“ನಿದ್ದಿ ಬಂದೈತೇನು ವೈನಿ?”

“ನೀ ಹೊಡದಿಯಲ್ಲ, ಎರಡು.”

“ಎರಡು ಏನು?”

ಗಣಿಯ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ. ಅಡಿಗಲ್ಲಿಗೆ ಎರಡು ಹಗುರ ಪೆಟ್ಟು ಎಂದರೆ ಗಾಳಿ ಸಾಕು ಎಂದು ಶಿವಪುತ್ರಪ್ಪನ ಲೆಕ್ಕ. ಹದಿನೆಂಟು ವರ್ಷ ಹಾಗೇ ನಡೆದಿತ್ತು. ಶೆಟ್ಟೆಪ್ಪನಿಗೆ ಅದು ಬರೀ ಚಾಳಿ. ಎದುರಿಗೆ ಕೂತವನು ಬೇರೆ ಎಂಬುದು ಚಂದ್ರವ್ವನಿಗೆ ಗೊತ್ತಿತ್ತು, ಅವಳ ಕೈಗೆ ಗೊತ್ತಿರಲಿಲ್ಲ.

“ಹೊಡೀಬ್ಯಾಡ ಹಂಗ,” ಅಂದಳು.

“ನನ್ನ ಕೈ ಕೇಳಬೇಕಲ್ಲ!” ಅಂದು ನಕ್ಕ. ಅವನ ಕೈ ಕೇಳಲಿಲ್ಲ, ಇವಳದೂ ಕೇಳಲಿಲ್ಲ. ಆಮೇಲೆ ಅವನು ರೇಗಿ, “ನಿಲ್ಲಿಸಬ್ಯಾಡ, ಒತ್ತು, ಒತ್ತು” ಎಂದು ಕೂಗಿದ. ಅವಳು ಒತ್ತಿದಳು. ಮೂರು ಉಳಿಗಳ ಉಕ್ಕು ಬೆಳ್ಳಗಾಗಿ ಕಿಡಿ ಕಾರಿತು. ಅಷ್ಟು ಬೆಂದ ಉಕ್ಕು ಮತ್ತೆ ಕೆಲಸಕ್ಕೆ ಬಾರದು. ಅವಳಿಗೆ ಅದು ಕಂಡಿತ್ತು. ಹೇಳಬೇಕೆಂದು ಅನ್ನಿಸಲಿಲ್ಲ.

ಮಧ್ಯಾಹ್ನ ದಾನಪ್ಪ ಎರಡು ಉಳಿಗಳನ್ನು ಕಲ್ಲಿನ ಮೇಲೆ ನೋಡಿದ. ಎರಡರ ಮೂತಿಯೂ ಹಾರಿತು.

“ಏನೋ ಶೆಟ್ಟೆಪ್ಪಾ, ಉಳಿ ಮಾಡೀಯೋ ಬತ್ತಾಸ ಮಾಡೀಯೋ? ಜಾತ್ರ್ಯಾಗ ಮಾರೋಣೇನು?”

“ತಿದಿ ಸರಿ ಇಲ್ಲಪಾ.”

“ತಿದಿ ಸರಿ ಐತಿ,” ಅಂದಳು ಚಂದ್ರವ್ವ. ಎದ್ದು ಬಂದು ಅವನ ಮುಂದೆ ಕೈ ಚಾಚಿದಳು. “ಇಕ್ಕಳ ಕೊಡು. ನೀ ಅಲ್ಲಿ ಕೂಡು.”

ಶೆಟ್ಟೆಪ್ಪ ದಾನಪ್ಪನ ಮುಖ ನೋಡಿದ. ದಾನಪ್ಪ ಆಕಾಶ ನೋಡಿದ. ಇಕ್ಕಳ ಕೈ ಬದಲಾಯಿಸಿತು.

ಹದಿನೆಂಟು ವರ್ಷ ಗಂಡ ಕಬ್ಬಿಣ ನೋಡಿದ್ದರೆ ಅವಳು ಬೆಂಕಿ ನೋಡಿದ್ದಳು. ಎಷ್ಟು ಕೆಂಪಿಗೆ ತೆಗೆಯಬೇಕು ಎಂದು ಕಣ್ಣಿಗೆ ಗೊತ್ತಿತ್ತು. ಬಡಿತ ಸೊಟ್ಟಗೆ ಬಿತ್ತು, ಮೂತಿ ಒರಟಾಯಿತು. ಆದರೆ ನೀರಿಗೆ ಅದ್ದಿ ಎತ್ತಿ, ಕಲ್ಲಿಗೆ ಉಜ್ಜಿ, ಹಿಂಭಾಗದಲ್ಲಿ ಉಳಿದ ಕಾವಿನಿಂದ ಮೂತಿಗೆ ಒಣಹುಲ್ಲಿನ ಬಣ್ಣ ಇಳಿದು ಬಂದು ಇನ್ನೇನು ನೇರಳೆಯಾಗುತ್ತದೆ ಎನ್ನುವಾಗ, ಹದ ಅಲ್ಲಿಗೇ ನಿಲ್ಲಲೆಂದು ಮತ್ತೆ ಅದ್ದಿದಳು. ತಿದಿ ಒತ್ತುತ್ತಿದ್ದ ಶೆಟ್ಟೆಪ್ಪ ದಮ್ಮಿನ ರೋಗಿಯಂತೆ ಏದುತ್ತಿದ್ದ.

ದಾನಪ್ಪ ಆ ಉಳಿಯನ್ನು ಕಲ್ಲಿಗೆ ಇಪ್ಪತ್ತು ಸಲ ಹೊಡೆದ. ಮೂತಿ ನಿಂತಿತು.

“ನೋಡಾಕ ಚಂದಿಲ್ಲ,” ಅಂದ. “ನಡೀತೈತಿ.”

ಆದರೆ ಶೆಟ್ಟೆಪ್ಪ ಸೋಮವಾರ ಬೆಳಿಗ್ಗೆ ಏಳಕ್ಕೆ ಗಿರಣಿಯ ಬಾಗಿಲಲ್ಲಿ ಇರಬೇಕಿತ್ತು. ಆಮೇಲೆ ಒತ್ತುವವರು ಯಾರು? ತಿದಿಗೆ ಎರಡು ಕೈ, ಕಬ್ಬಿಣಕ್ಕೆ ಎರಡು ಕೈ. ಗಣಿಯ ಹೆಂಗಸರಿಗೆಲ್ಲ ಬುಟ್ಟಿ ಹೊರುವ ಕೆಲಸವಿತ್ತು. ದಾನಪ್ಪ ಇಬ್ಬರು ಮೂವರ ಹೆಸರು ಹೇಳಿ ತಾನೇ ತಲೆಯಾಡಿಸಿದ.

ಚಂದ್ರವ್ವ ಕೈ ತೊಳೆಯುತ್ತ ಕೇಳಿದಳು, “ತಮ್ಮಾ, ಆ ಪಂಖಾ ಒಂದ ಕೈಲೆ ತಿರಗತೈತೇನು?”

“ಎಡಗೈಲೆ ತಿರಗಸಬಹುದು. ಒಮ್ಮಿ ತಿರವಿ ಬಿಟ್ರ ಸ್ವಲ್ಪ ಹೊತ್ತು ತಾನ ತಿರಗತೈತಿ. ಯಾಕ?”

“ನಾಳೆ ತಗೊಂಡ ಬಾ. ಹಿತ್ತಾಳಿ ಹಂಡೆ ಒಯ್ಯಿ, ಅದರ ಬದಲಿ ಕೊಡ್ತಾರ.”

ಶೆಟ್ಟೆಪ್ಪನೇ ತಡವರಿಸಿದ. “ತಿದಿ?”

“ತಿದಿಗೆ ಇಬ್ಬರು ಬೇಕು.”

ಭಾನುವಾರ ಮಧ್ಯಾಹ್ನ ಪಂಖಾ ಬಂತು. ದುಂಡನೆಯ ಕಬ್ಬಿಣದ ಡಬ್ಬಿ, ಒಂದು ಹಿಡಿಕೆ, ಕರಕರ ಸದ್ದು. ಶೆಟ್ಟೆಪ್ಪ ಅದನ್ನು ಮಣ್ಣಿನಲ್ಲಿ ಕೂಡಿಸಿ ಕೊಳವೆ ಜೋಡಿಸಿದ. ಚಂದ್ರವ್ವ ಹಿಡಿಕೆ ತಿರುಗಿಸಿ ನೋಡಿದಳು. ಗಾಳಿ ಬಂತು. ಕೈಗೆ ಏನೂ ತಿಳಿಯಲಿಲ್ಲ; ಬಾವಿಯಿಂದ ನೀರು ಸೇದಿದಂತೆ, ಅಷ್ಟೆ. ಒಳ್ಳೆಯದೇ ಆಯಿತು ಅಂದುಕೊಂಡಳು.

ಆಮೇಲೆ ಕುಡಗೋಲು ತಂದು ತಿದಿಯ ಹೊಲಿಗೆ ಬಿಚ್ಚತೊಡಗಿದಳು.

“ಇರಲಿ ಬಿಡ ವೈನಿ, ಅಣ್ಣನ ನೆನಪಿಗೆ—”

“ಕಿಡಿ ಸಿಡಿದ್ರ ಸೀರಿ ಸುಡತೈತಿ. ಮುಂದ ಕಟ್ಟಿಕೊಳ್ಳಾಕ ತೊಗಲು ಬೇಕು.”

ಎಣ್ಣೆ ಕುಡಿದ ತೊಗಲು ಮೆತ್ತಗಿತ್ತು, ಹರಿದದ್ದು ಎಲ್ಲೂ ಇರಲಿಲ್ಲ. ಒಂದು ತಿದಿಯ ತೊಗಲಿನಲ್ಲಿ ಎದೆಯಿಂದ ಮೊಣಕಾಲಿನವರೆಗೆ ಮುಚ್ಚುವ ತುಂಡು ಬಂತು. ಇನ್ನೊಂದನ್ನು ಮಡಚಿಟ್ಟಳು, ಇದು ಸವೆದಾಗ ಆಗುತ್ತದೆ ಎಂದು.

ಸೋಮವಾರ ಅವಳು ಒಬ್ಬಳೇ ಕೂತಳು. ಎಡಗೈಯಿಂದ ತಿರುವಿ, ಬಿಟ್ಟು, ಇಕ್ಕಳ ಹಿಡಿದು, ಬಡಿದು, ಮತ್ತೆ ತಿರುವಿ. ಸಂಜೆಗೆ ನಲವತ್ತರಲ್ಲಿ ಮೂವತ್ತೇಳು ಆದವು. ಉಳಿದ ಮೂರು ಶೆಟ್ಟೆಪ್ಪ ಸುಟ್ಟು ಕೆಡಿಸಿದವು.

ದಾನಪ್ಪ ಎಣಿಸಿದ. “ಮಾಲೀಕಗ ನಾ ಹೇಳ್ಕೋತೀನಿ,” ಅಂದ. ಗೋರೆಗಾಂವ್‌ ಕಮ್ಮಾರನ ಮಾತು ಎತ್ತಲಿಲ್ಲ. ಮೊಂಡಾದ ಉಳಿಗಳ ಇನ್ನೊಂದು ಹೊರೆಯನ್ನು ಬಾಗಿಲಲ್ಲಿ ಇಳಿಸಿದ. “ಊಟ ಮಾಡಿಯೇನು ಯಕ್ಕಾ?”

“ಮಾಡಬೇಕು,” ಅಂದಳು. ತೊಗಲು ಬಿಚ್ಚಿ ಗೂಟಕ್ಕೆ ಹಾಕಿ, ಗಂಡ ಸತ್ತ ಮೇಲೆ ಮೊದಲ ಸಲ ಹಿಟ್ಟಿನ ಡಬ್ಬಿ ತೆರೆದು, ಒಬ್ಬರಿಗೆ ಎಷ್ಟು ಹಿಟ್ಟು ಎಂದು ತೋಚದೆ ಸ್ವಲ್ಪ ಹೊತ್ತು ನಿಂತಳು.