ರಾಹುಕಾಲದಲ್ಲಿ ತೆರೆದ ಮುಚ್ಚಳ

ತಾಂಡವರಾಯನ್ ಚೆಂಗಲ್ಪಟ್ಟಿನ ಒಂದು ಸಹಕಾರಿ ಸೊಸೈಟಿಯ ಹೆಡ್ ಕ್ಲಾರ್ಕು. ಹಲ್ಲು ಕೀಳಿಸಲು ಹೋಗುವಾಗಲೂ ಪಂಚಾಂಗ ನೋಡುವ ಆಸಾಮಿ. ಅಂಥವನು ಮಗಳು ಕಯಲ್‌ವಿಳಿಯ ಜೊತೆ ಚೆನ್ನೈನ ರಿಚ್ಚಿ ಸ್ಟ್ರೀಟಿಗೆ ಬಂದು ಇಳಿದಾಗ ಶುಕ್ರವಾರ, ಗಂಟೆ ಹತ್ತು ಇಪ್ಪತ್ತು. ಹತ್ತೂವರೆಗೆ ರಾಹುಕಾಲ! ಬೆಳಿಗ್ಗೆ ಎರಡನೇ ಲೋಟ ಕಾಫಿ ಕುಡಿದ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಳ್ಳುತ್ತ, ಆಟೋಗಳ ನಡುವೆ ನುಗ್ಗಿ ಓಡಿ, ಮೀರಾನ್ ಭಾಯಿಯ ಲ್ಯಾಪ್‌ಟಾಪ್ ಅಂಗಡಿ ಮೆಟ್ಟಿಲು ಹತ್ತುವಾಗ ಅವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

"ಭಾಯ್, ಆ ಬೆಳ್ಳಿ ಬಣ್ಣದ್ದು! ಫೋನಲ್ಲಿ ಹೇಳಿದ್ನಲ್ಲ, ಅದೇ. ಹಿಡೀರಿ ಅಡ್ವಾನ್ಸು!"

ಅರಿಶಿನ ಹಚ್ಚಿದ ಐನೂರರ ನೋಟು, ಮೇಲೊಂದು ರೂಪಾಯಿ.

"ಸಾರ್, ಮೊದ್ಲು ಉಸಿರು ಬಿಡಿ," ಎಂದರು ಭಾಯಿ. "ಒಳ್ಳೇ ಕಂಪನಿದೇ, ಆದ್ರೆ ಏಳು ವರ್ಷದ ಮಾಲು. ಆನ್ ಮಾಡಿ, ಮಗೂಗೆ ಬೇಕಾದ್ದು ಇದ್ರಲ್ಲಿ ನಡಿಯುತ್ತಾ ನೋಡಿ. ಆಮೇಲೆ ದುಡ್ಡು."

"ನೋಡೋಕೆ ಹೊತ್ತೆಲ್ಲಿದೆ? ಎರಡೇ ನಿಮಿಷ ಇರೋದು, ಹಿಡೀರಿ!"

ಹತ್ತು ಇಪ್ಪತ್ತೆಂಟಕ್ಕೆ ನೋಟು ಭಾಯಿಯ ಕೈ ಸೇರಿತು. ತಾಂಡವರಾಯನ್ ಸ್ಟೂಲಿನ ಮೇಲೆ ಕುಸಿದು ಕೂತು, ಮದುವೆ ಮುಗಿಸಿದವನ ಹಾಗೆ ಮುಖ ಒರೆಸಿಕೊಂಡ. "ಒಳ್ಳೇ ಹೊತ್ತಲ್ಲಿ ಮುಗೀತು, ಮುರುಗಾ! ಇನ್ನು ಹನ್ನೆರಡರ ತನಕ ಯಾರೂ ಅದನ್ನ ಮುಟ್ಟಬಾರ್ದು." ಇಲ್ಲದ ದೋಷ ಹುಡುಕುವ ಗಿರಾಕಿಗಳನ್ನು ಭಾಯಿ ಮೂವತ್ತು ವರ್ಷದಿಂದ ನೋಡಿದ್ದರು. ಇರುವ ದೋಷ ತೋರಿಸುತ್ತೇನೆಂದರೂ ಬೇಡ ಅನ್ನುವವನು ಇವನೇ ಮೊದಲು.

ಕಟ್ಟಡ ವಿನ್ಯಾಸದ ಕೋರ್ಸಿಗೆ ಸೀಟು ಸಿಕ್ಕಿತ್ತು ಕಯಲ್‌ಗೆ. ಯಾವ ನಕ್ಷೆಯ ಪ್ರೋಗ್ರಾಂ ನಡೆಯಲೇಬೇಕು ಎಂದು ಕಾಲೇಜಿನವರು ಕಳಿಸಿದ್ದ ಚೀಟಿ ಅವಳ ಚೀಲದಲ್ಲಿತ್ತು. ಅದು ನಡೆಯದಿದ್ದರೆ ಮೊದಲ ತಿಂಗಳಿಗೇ ಹಿಂದೆ ಬೀಳುತ್ತಾಳೆ. ಅಪ್ಪ ಇನ್ನೊಂದು ಕೊಡಿಸುವ ಮಾತು ಐದು ವರ್ಷ ಇಲ್ಲ. ಅದೇ ಬೆಲೆಗೆ ಪಕ್ಕದಲ್ಲೊಂದು ಹೊಸ ಲ್ಯಾಪ್‌ಟಾಪ್ ಇತ್ತು. ಕಪ್ಪಗೆ, ಇಟ್ಟಿಗೆಯಷ್ಟು ದಪ್ಪ, ಮೂರು ವರ್ಷ ಗ್ಯಾರಂಟಿ. ಅವಳ ಕಣ್ಣು ಅದರ ಮೇಲಿರುವುದನ್ನು ತಾಂಡವರಾಯನ್ ನೋಡಿಯೂ ನೋಡದವನಂತೆ ಕೂತ.

ಅವನ ಮನಸ್ಸೆಲ್ಲ ಅಡ್ಮಿಷನ್ ದಿನದಲ್ಲೇ ಸಿಕ್ಕಿಕೊಂಡಿತ್ತು. ಕಾಲೇಜಿನ ವರಾಂಡದಲ್ಲಿ ಮಕ್ಕಳೆಲ್ಲ ತೆಳ್ಳಗಿನ ಬೆಳ್ಳಿ ಮುಚ್ಚಳ ತೆರೆದು ಕೂತಿದ್ದವು, ಅವನ ಮಗಳು ಒಬ್ಬಳೇ ಮೂಲೆಯ ಕಂಬದ ಹತ್ತಿರ ನಿಂತಿದ್ದಳು. ಅಂದಿನಿಂದ ಅವನಿಗೆ ಅನ್ನ ರುಚಿಸಿಲ್ಲ. "ಹಳೇ ಬೆಂಜ್ ಕಾರಿಗೂ ವಾಚ್‌ಮನ್ ಸಲಾಂ ಹೊಡೀತಾನೆ ಭಾವಾ," ಎಂದು ಭಾವಮೈದ ಮಾಸಿಲಾಮಣಿ ಬೇರೆ ಕಿವಿ ಊದಿದ್ದ. ತಾನು ಸೈಕಲ್ಲೂ ಇಲ್ಲದೆ ತಿರುಗುವ ಮಾಸಿಲಾಮಣಿ!

ಕಾಲು ಗಂಟೆ ಕಳೆಯಿತು.

"ಅಪ್ಪಾ, ಅಮ್ಮ ಈಗ ಎಲ್ಲಿರ್ತಾಳೆ?" ಎಂದಳು ಕಯಲ್.

"ದುರ್ಗೆ ಗುಡೀಲಿ. ಶುಕ್ರವಾರ ಅಲ್ವಾ, ನಿಂಬೆಹಣ್ಣಿನ ದೀಪ ಹಚ್ತಿರ್ತಾಳೆ."

"ಯಾವ ಹೊತ್ತಲ್ಲಿ ಹಚ್ಚೋದು ಅದನ್ನ?"

ಭಾಯಿ ನಗು ತಡೆಯಲಾರದೆ ಫ್ಯಾನಿನ ಕಡೆ ಮುಖ ತಿರುಗಿಸಿದರು.

"ರಾಹುಕಾಲದಲ್ಲೇ. ಆದ್ರೆ ಅದು ದೇವರಿಗೆ ಕಣೇ! ಮನೇಗೆ ತೊಂದ್ರೆ ಬರದಿರ್ಲಿ ಅಂತ!"

"ನಂದೂ ಅದಕ್ಕೇ, ತೊಂದ್ರೆ ಬರದಿರ್ಲಿ ಅಂತ," ಎಂದವಳೇ ಬೆಳ್ಳಿ ಮುಚ್ಚಳ ತೆರೆದು ಗುಂಡಿ ಒತ್ತಿದಳು.

ಏನು ಬೆಳಕು, ಏನು ಕಳೆ! ತಾಂಡವರಾಯನ ಎದೆ ಉಬ್ಬಿತು. ಕಯಲ್ ಆ ನಕ್ಷೆಯ ಪ್ರೋಗ್ರಾಂ ಇದ್ದ ಪೆನ್‌ಡ್ರೈವ್ ಸಿಕ್ಕಿಸಿದಳು. ಪರದೆಯ ಮೇಲೆ ಒಂದು ಸಾಲು ಬಂತು: ಈ ಯಂತ್ರ ಬಹಳ ಹಳೆಯದು, ಈ ಪ್ರೋಗ್ರಾಂ ಇದರಲ್ಲಿ ನಡೆಯುವುದಿಲ್ಲ. ಭಾಯಿ ಕನ್ನಡಕ ಏರಿಸಿಕೊಂಡು ತಮಗೆ ತಿಳಿದದ್ದೆಲ್ಲ ಮಾಡಿದರು. ಮತ್ತೆ ಅದೇ ಸಾಲು.

"ಹೊತ್ತಲ್ಲದ ಹೊತ್ತಲ್ಲಿ ಮುಟ್ಟಿದ್ದಕ್ಕೇ ಹೀಗಾಗಿದ್ದು! ಹನ್ನೆರಡಕ್ಕೆ ಹಚ್ಚಿದ್ರೆ ನಡೀತಿತ್ತು!"

"ಹನ್ನೆರಡಕ್ಕೆ ಅದರ ವಯಸ್ಸು ಕಮ್ಮಿ ಆಗುತ್ತಾ ಸಾರ್?" ಎಂದ ಭಾಯಿ ಗಲ್ಲಾಪೆಟ್ಟಿಗೆಯಿಂದ ಅರಿಶಿನದ ನೋಟು ತೆಗೆದರು. "ತಗೊಳ್ಳಿ, ಬೇಡ ಅಂದ್ರೆ ಬೇಡ."

ತಾಂಡವರಾಯನ್ ಹಾವು ಕಂಡವನಂತೆ ಹಿಂದೆ ಸರಿದ. "ಶಾಂತಂ ಪಾಪಂ! ಒಳ್ಳೇ ಹೊತ್ತಲ್ಲಿ ಕೊಟ್ಟ ದುಡ್ಡು ವಾಪಸ್ ತಗೊಳ್ಳೋದಾ? ಇದೇ ಇರ್ಲಿ. ಟೈಪ್ ಆದ್ರೂ ಮಾಡಬಹುದಲ್ಲ."

"ನಾನು ಟೈಪಿಸ್ಟ್ ಆಗೋಕೆ ಹೋಗ್ತಿದೀನಾ ಅಪ್ಪಾ?" ಕಯಲ್ ಪೆನ್‌ಡ್ರೈವ್ ಕಿತ್ತುಕೊಂಡಳು. "ಮನೆ ಕಟ್ಟೋದು ಕಲಿಯೋಕೆ ಹೋಗ್ತಿದೀನಿ."

ಮಗಳ ಕಣ್ಣಲ್ಲಿ ನೀರು ಕಂಡದ್ದೇ ತಾಂಡವರಾಯನ ಕಟ್ಟೆ ಒಡೆಯಿತು. "ನಂಗೇನು ಗೊತ್ತಿಲ್ವಾ ಕಣ್ಣೇ? ಆವತ್ತು ಎಲ್ಲಾ ಮಕ್ಕಳೂ ನಡುವೆ ಕೂತಿದ್ರು, ನೀನೊಬ್ಳೇ ಕಂಬದ ಹಿಂದೆ ನಿಂತಿದ್ದೆ. ಅದನ್ನ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ ಕಣಮ್ಮಾ. ಇನ್ನೊಂದ್ಸಲ ನೀನು ಹಾಗೆ ನಿಲ್ಲಬಾರ್ದು."

ಕಯಲ್ ಅವನನ್ನೇ ನೋಡಿದಳು.

"ಅಪ್ಪಾ, ಕಂಬದ ಹಿಂದೆ ಹೋಗಿ ನಿಂತಿದ್ದು ನೀನು. ನೀನೊಬ್ಬನೇ ನಿಂತಿದೀಯಲ್ಲ ಅಂತ ನಾನು ಎದ್ದು ಬಂದೆ."

ಚಪ್ಪಲಿಗೆ ಹೊಲಿಗೆ ಹಾಕಿಸಿದ್ದು ಕಾಣದಿರಲಿ ಎಂದು ಆವತ್ತು ತಾನೇ ಹುಡುಕಿಕೊಂಡು ಹೋದ ಕಂಬ ಅದು ಎಂಬುದು ತಾಂಡವರಾಯನಿಗೆ ಈಗ ಸರಿಯಾಗಿ ನೆನಪಾಯಿತು. ಅವನು ಬಗ್ಗಿ ಚಪ್ಪಲಿಯ ಆ ಹೊಲಿಗೆ ನೋಡಿಕೊಂಡ.

"ಭಾಯ್," ಎಂದ. "ಅಡ್ವಾನ್ಸ್ ನಿಮ್ಮ ಹತ್ರಾನೇ ಇರ್ಲಿ. ಕೊಟ್ಟ ಹೊತ್ತು ಒಳ್ಳೇದೇ, ನಾನು ಬೊಟ್ಟು ತೋರಿಸಿದ ಮಾಲು ತಪ್ಪಾಯ್ತು. ಆ ಕಪ್ಪನೇದನ್ನ ಇಳಿಸಿ. ಬಿಲ್ಲು ಮಾತ್ರ ಹನ್ನೆರಡರ ಮೇಲೇನೇ!"

ಕಯಲ್ ಕಪ್ಪನೆಯದನ್ನೂ ರಾಹುಕಾಲದಲ್ಲೇ ಹಚ್ಚಿ ನೋಡಿದಳು. ನಕ್ಷೆ ತೆರೆದುಕೊಂಡಿತು. ತಾಂಡವರಾಯನ್ ಆ ಹೊತ್ತಿಗೆ ಬೇಕೆಂದೇ ಬೀದಿಯ ಕಡೆ ನೋಡುತ್ತಿದ್ದ.

ಸಂಜೆಯ ಚೆಂಗಲ್ಪಟ್ಟು ರೈಲಿನಲ್ಲಿ ಜನ ತುಂಬಿದ್ದರೂ ಕೂರಲು ಜಾಗ ಸಿಕ್ಕಿತು. ಚೀಲದಲ್ಲಿಡು ಅಪ್ಪಾ ಎಂದು ಮಗಳು ಎಷ್ಟು ಹೇಳಿದರೂ ಕೇಳದೆ ಅವನು ಆ ಇಟ್ಟಿಗೆಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎದುರು ಸೀಟಿನವನು ಸುಮ್ಮನೆ ಒಮ್ಮೆ ನೋಡಿದ್ದೇ ಸಾಕಾಯಿತು.

"ನನ್ನ ಮಗಳದು," ಎಂದ ತಾಂಡವರಾಯನ್. ಹೊಲಿಗೆಯ ಚಪ್ಪಲಿಯ ಕಾಲುಗಳನ್ನು ಅವನು ಆರಾಮಾಗಿ ಮುಂದಕ್ಕೆ ಚಾಚಿಕೊಂಡಿದ್ದ.