ಹಸಿರು ಕುಡಿಯುವ ಪೆನ್ನು

ಸೇನೆಯವರ ಆಳ್ವಿಕೆಯ ಮೂರನೆಯ ಚಳಿಗಾಲ ಅದು. ಮೊಂಟೆವಿಡಿಯೊದ ಹಳೇಪೇಟೆಯಲ್ಲಿ ತನ್ನ ಪೆನ್ನು ರಿಪೇರಿ ಅಂಗಡಿಯನ್ನು ನೆಲಿಡಾ ಬೆಂತಂಕೋರ್ ಎಂದಿನಂತೆಯೇ ತೆರೆಯುತ್ತಿದ್ದಳು. ತೆರೆಯದಿದ್ದರೆ ಯಾಕೆಂದು ಯಾರಾದರೂ ಕೇಳುತ್ತಾರೆಂಬ ಭಯ.

ಅವಳ ಸಂಗಾತಿ ವಿಲ್ಮಾರ್ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಮಾರ್ಚಿನಲ್ಲಿ ಅವನನ್ನು ಕಚೇರಿಯ ಮೆಟ್ಟಿಲಿಂದಲೇ ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. ರಿಜಿಸ್ಟ್ರಾರ್ ಮುಂದೆ ಹೋಗದೆ ಒಟ್ಟಿಗೆ ಬಾಳಿದವರು ಇವರು. ಕಾಗದದ ಪ್ರಕಾರ ಅವಳಿಗೆ ಗಂಡನೇ ಇರಲಿಲ್ಲ. ಬ್ಯಾರಕ್ಕುಗಳ ಬಾಗಿಲಿಗೆ ಹೋಗಿ ವಿಚಾರಿಸುತ್ತಿದ್ದವರು ಅವನ ತಾಯಿ. "ನೀನು ಬರಬೇಡ. ಹೆಂಡತಿ ಅಂತ ಗೊತ್ತಾದ್ರೆ ನಿನ್ನನ್ನೂ ಒಳಗೆ ಹಾಕ್ತಾರೆ. ಮುದುಕಿ ನಾನು, ನಾನು ಕೇಳ್ತೀನಿ," ಎಂದಿದ್ದರು. ಎಲ್ಲ ಬಾಗಿಲಲ್ಲೂ ಒಂದೇ ಉತ್ತರ: ಆ ಹೆಸರಿನವರು ಇಲ್ಲಿಲ್ಲ.

ಅವತ್ತು ಅಂಗಡಿಯಲ್ಲಿ ನಿವೃತ್ತ ನೋಟರಿ ದೋನ್ ಎಲಾದಿಯೊ ಪತ್ರಿಕೆ ಹಿಡಿದು ತಮ್ಮ ಪೆನ್ನಿಗಾಗಿ ಕಾದು ಕೂತಿದ್ದರು.

"ನನ್ನದು ನಮ್ಮತ್ತೆ ಇದ್ದ ಹಾಗೆ, ನೆಲಿಡಾ. ನೀಲಿ ಬಿಟ್ಟು ಬೇರೆ ಕುಡಿಸಿದ್ರೆ ಮುಖಕ್ಕೇ ಉಗುಳತ್ತೆ."

"ಅತ್ತೆಗೆ ಒಂದ್ಸಲ ಬಿಸಿನೀರು ಸ್ನಾನ ಮಾಡಿಸಿ, ಸರಿಹೋಗ್ತಾರೆ."

ಬಾಗಿಲಿನ ಗಂಟೆ ಸದ್ದು ಮಾಡಿತು. ಬಂದವನ ಮೈಮೇಲೆ ಮಾಮೂಲಿ ಮಳೆಕೋಟು, ಕಾಲಲ್ಲಿ ಸೇನೆಯ ಬೂಟು. ಕರವಸ್ತ್ರ ಬಿಚ್ಚಿ ಪೆನ್ನೊಂದನ್ನು ಮೇಜಿನ ಮೇಲಿಟ್ಟ.

ಮುಚ್ಚಳದ ತುದಿಯಲ್ಲಿ ಹಲ್ಲಿನ ಗುರುತು. ಎಡಗೈಗೆ ಒಗ್ಗುವಂತೆ ಓರೆಯಾಗಿ ಸವೆಸಿದ ನಿಬ್ಬು. ವಿಲ್ಮಾರನಿಗಾಗಿ ಅದನ್ನು ಕಲ್ಲಿನ ಮೇಲೆ ಉಜ್ಜಿ ಸವೆಸಿದವಳು ನೆಲಿಡಾಳೇ. ಇವನು ಗೊತ್ತಿದ್ದೇ ಬಂದನೋ, ಗೊತ್ತಿಲ್ಲದೆ ಬಂದನೋ?

"ಬರೀತಾ ಇಲ್ಲ," ಎಂದ. "ಕಪ್ಪು ಶಾಯಿ ಇದಕ್ಕೆ ಆಗಲ್ವಂತೆ. ಪೆನ್ನಿಗೂ ಇಷ್ಟ ಕಷ್ಟ ಇರತ್ತಾ, ಸೆನ್ಯೋರಾ?"

"ಕೆಲವಕ್ಕೆ ಇರತ್ತೆ."

ಅವಳು ನಿಬ್ಬು ಕಳಚಿದಳು, ತೊಳೆದಳು, ಶಾಯಿ ಹೀರುವ ಒತ್ತುಕಾಗದದ ಮೇಲೆ ಒರೆಸಿದಳು. ಕೆಲಸಕ್ಕೆ ಬಿದ್ದ ಕೈಗೆ ಭಯ ಗೊತ್ತಾಗುವುದಿಲ್ಲ. ಹಳೆಯ ಪೆನ್ನು ಬಂದರೆ ಅದರ ಮಾಮೂಲಿ ಶಾಯಿಯನ್ನು ಕೇಳದೆಯೇ ತುಂಬಿಸಿ ಕೊಡುವುದು ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ಕೈ ತಾನಾಗಿಯೇ ಹಿಂದಿನ ಸಾಲಿನ ಬಾಟಲಿಯೊಂದನ್ನು ತೆಗೆಯಿತು, ತುಂಬಿಸಿತು, ಪರೀಕ್ಷೆಗೆ ಒಂದು ಗೆರೆ ಎಳೆಯಿತು. ಗೆರೆ ಹಸಿರಾಗಿತ್ತು.

"ಹಸಿರು ಅಂತ ನಾನು ಹೇಳಲೇ ಇಲ್ಲವಲ್ಲ," ಎಂದ ಅವನು ನಿಧಾನವಾಗಿ.

ದೋನ್ ಎಲಾದಿಯೊ ಪತ್ರಿಕೆ ಕೆಳಗಿಳಿಸಿದರು. ಆ ಹಸಿರು ಯಾರದೆಂದು ಅವರಿಗೂ ಗೊತ್ತಿತ್ತು.

ನೆಲಿಡಾ ಒತ್ತುಕಾಗದವನ್ನು ಅವನತ್ತ ತಿರುಗಿಸಿದಳು. ಅದರಲ್ಲಿ ಏನಿದೆಯೆಂದು ಅವಳು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಒದ್ದೆ ಕಾಗದದಲ್ಲಿ ಕಪ್ಪು ಕಲೆ ಹರಡಿತ್ತು; ಅದರ ಅಂಚಿನಲ್ಲಿ ಹಸಿರಿನ ತೆಳು ಬಳೆ.

"ಪೆನ್ನೇ ಹೇಳತ್ತೆ. ಹಳೇ ಶಾಯಿ ಒಳಗೆ ಉಳಿದಿರತ್ತೆ."

"ಹೌದು ಸ್ವಾಮಿ," ಎಂದರು ದೋನ್ ಎಲಾದಿಯೊ. "ಇವಳಪ್ಪನೂ ಹೀಗೇ. ಪೆನ್ನು ಮೂಸಿನೋಡಿ ಜಾತಕ ಹೇಳೋನು. ನನ್ನ ಪೆನ್ನು ನೋಡಿ ನನಗೆ ಮದುವೆ ಬೇಡ ಅಂದಿದ್ದ. ಕೇಳಲಿಲ್ಲ ನಾನು."

ಬಂದವನು ನಗಲಿಲ್ಲ. ಪೆನ್ನನ್ನು ಬಲಗೈಯಲ್ಲಿ ಹಿಡಿದು ಗೀಚಿದ. ನಿಬ್ಬು ಕೆರೆಯಿತು.

ನೆಲಿಡಾ ಸವೆಸುವ ಕಲ್ಲನ್ನು ಮುಂದಕ್ಕೆಳೆದಳು. "ಇದು ಎಡಗೈಯವರ ನಿಬ್ಬು. ಬೇಕಿದ್ರೆ ನಿಮ್ಮ ಕೈಗೆ ಸವೆಸಿಕೊಡ್ತೀನಿ."

"ಬೇಡ, ಮುಟ್ಟಬೇಡಿ. ಬರೆಯೋದು ನಾನಲ್ಲ. ನಮ್ಮಲ್ಲೊಬ್ಬ ಇದ್ದಾನೆ. ಒಂದು ಹೇಳಿಕೆ ಬರಿ ಅಂದ್ರೆ ದಿನಕ್ಕೊಂದು ನೆಪ. ಈಗ ಈ ಪೆನ್ನು ಬೇಕಂತೆ, ಅದಕ್ಕೆ ಕಪ್ಪು ಆಗಲ್ವಂತೆ, ಈ ಅಂಗಡಿಯಲ್ಲಿ ಮಾತ್ರ ಸರಿಮಾಡ್ತಾರಂತೆ."

ಆ ಪೆನ್ನು ಯಾವ ಶಾಯಿ ಹಾಕಿದರೂ ಬರೆಯುತ್ತಿತ್ತು. ಹಸಿರು ವಿಲ್ಮಾರನ ಖಯಾಲಿ ಅಷ್ಟೆ. ಅದು ವಿಲ್ಮಾರನಿಗೂ ಗೊತ್ತಿತ್ತು; ಗೊತ್ತಿದ್ದೇ ಪೆನ್ನನ್ನು ಇಲ್ಲಿಗೆ ಕಳಿಸಿದ್ದ.

ಹೇಗಿದ್ದಾನೆ ಎಂಬ ಪ್ರಶ್ನೆ ಹಲ್ಲಿನ ಹಿಂದೆಯೇ ನಿಂತಿತ್ತು. ಅದು ಹೊರಬಿದ್ದರೆ ಇಬ್ಬರ ಕಥೆಯೂ ಮುಗಿದಂತೆ.

"ಒಂದು ಮಾತು," ಎಂದಳು. "ಇದರ ಸ್ವಭಾವ ಸೂಕ್ಷ್ಮ. ತಿಂಗಳಿಗೊಂದ್ಸಲ ತೊಳೆಯದಿದ್ರೆ ಮತ್ತೆ ಕಟ್ಟಿಕೊಳ್ಳತ್ತೆ. ತಂದುಕೊಡಿ, ನಾನು ನೋಡ್ಕೊತೀನಿ."

ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಒತ್ತುಕಾಗದವನ್ನು ನೋಡಿದ. ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.

"ನೋಡೋಣ," ಎಂದು ಹೊರಟುಹೋದ.

ಬೂಟಿನ ಸದ್ದು ಬೀದಿಯಲ್ಲಿ ಅಡಗಿದ ಮೇಲೆ ದೋನ್ ಎಲಾದಿಯೊ ಕೇಳಿದರು.

"ತಿಂಗಳಿಗೊಂದ್ಸಲ ತೊಳೀಬೇಕಾ ಮಗಳೇ, ಅದನ್ನ?"

"ವರ್ಷಕ್ಕೊಂದ್ಸಲ ತೊಳೆದ್ರೂ ಸಾಕು."

ಅವಳು ಒತ್ತುಕಾಗದವನ್ನು ಒಲೆಗೆ ಹಾಕಿದಳು. ಹಸಿರು ಬಾಟಲಿಯ ಮುಚ್ಚಳ ಹಾಕಹೋದಳು. ಎರಡು ಸಲ ತಿರುಗಿಸಿದರೂ ತಿರುಪು ಕೂರಲಿಲ್ಲ. ಮುದುಕರು ಎದ್ದು ಬಂದು, ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಿಕೊಟ್ಟರು.